ಕೆಟಲ್ ತಂತ್ರಾಂಶದ ಡೇಟಾಬೇಸ್ ಸಂಪರ್ಕ: ಒಂದು ವಿಮರ್ಶೆ

ಒಂದು ಗಣಕದಲ್ಲಿರುವ ಸಾವಿರಾರು ವಿದ್ಯಾರ್ಥಿಗಳ ಹೆಸರು ಮತ್ತು ಅಂಕಗಳನ್ನು ಇನ್ನೊಂದು ಗಣಕದ ಡೇಟಾಬೇಸಿಗೆ ಸಾಗಿಸಬೇಕಾಗಿದೆ ಎಂದುಕೊಳ್ಳಿ. ಮೂಲದಿಂದ ಓದಬೇಕು, ಬೇಕಾದಂತೆ ಮಾರ್ಪಡಿಸಬೇಕು, ಗುರಿಯಲ್ಲಿ ಬರೆಯಬೇಕು. ಈ ಮೂರು ಕೆಲಸಗಳನ್ನು ಮಾಡಲೆಂದೇ ದತ್ತಾಂಶ ಜೋಡಣೆಯ ತಂತ್ರಾಂಶಗಳಿವೆ. ಅವುಗಳಲ್ಲಿ ಹೆಸರಾದದ್ದು ಕೆಟಲ್. ಬೆಲ್ಜಿಯಂ ದೇಶದ ಮ್ಯಾಟ್ ಕಾಸ್ಟರ್ಸ್ ರೂಪಿಸಿದ ಇದು 2005ರಲ್ಲಿ ಮುಕ್ತ ತಂತ್ರಾಂಶವಾಯಿತು. 2006ರಲ್ಲಿ ಪೆಂಟಾಹೋ ಸಂಸ್ಥೆಯನ್ನು ಸೇರಿ, ಪೆಂಟಾಹೋ ಡೇಟಾ ಇಂಟಿಗ್ರೇಷನ್ ಎಂಬ ಹೆಸರನ್ನೂ ಪಡೆಯಿತು. ಇದರ ಭಾಗಗಳಿಗೆಲ್ಲ ಅಡುಗೆಮನೆಯ ಹೆಸರುಗಳು. ಕೆಲಸದ ನಕ್ಷೆ ಬರೆಯಲು ಸ್ಪೂನ್, ಅದನ್ನು ನಡೆಸಲು ಪ್ಯಾನ್, ಅನೇಕ ಕೆಲಸಗಳನ್ನು ಸರಣಿಯಾಗಿ ನಡೆಸಲು ಕಿಚನ್.

ಮೌಸ್‌ನಿಂದ ಚಿತ್ರಗಳನ್ನು ಎಳೆದು ಜೋಡಿಸಿ ದತ್ತಾಂಶದ ಹರಿವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಕೆಟಲ್‌ನ ದೊಡ್ಡ ಗುಣ. ಆದರೆ ಆ ಹರಿವು ಎಲ್ಲಿಂದ ಮೊದಲಾಗುತ್ತದೆಯೋ ಆ ಸ್ಥಳವನ್ನು, ಅಂದರೆ ಡೇಟಾಬೇಸ್ ಸಂಪರ್ಕವನ್ನು ಹೊಂದಿಸುವ ಕಿಟಕಿಯನ್ನು, ಅಷ್ಟೇ ಎಚ್ಚರದಿಂದ ರೂಪಿಸಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಆ ಕಿಟಕಿ ಏನು ಕೇಳುತ್ತದೆ ನೋಡೋಣ. ಸಂಪರ್ಕಕ್ಕೆ ಒಂದು ಹೆಸರು, ಡೇಟಾಬೇಸಿನ ಬಗೆ, ಸರ್ವರ್‌ನ ವಿಳಾಸ, ಡೇಟಾಬೇಸಿನ ಹೆಸರು, ಪೋರ್ಟ್ ಸಂಖ್ಯೆ, ಬಳಕೆದಾರರ ಹೆಸರು, ಗುಪ್ತಪದ. ಸರ್ವರ್‌ನ ವಿಳಾಸ ಒಂದು ಕಟ್ಟಡದ ವಿಳಾಸವಿದ್ದಂತೆ. ಪೋರ್ಟ್ ಸಂಖ್ಯೆ ಅದರೊಳಗಿನ ಕೋಣೆಯ ಬಾಗಿಲು. ವಾಡಿಕೆಯಂತೆ ಮೈಎಸ್‌ಕ್ಯುಎಲ್ 3306ರಲ್ಲಿ, ಪೋಸ್ಟ್‌ಗ್ರೆಸ್ 5432ರಲ್ಲಿ, ಆರಕಲ್ 1521ರಲ್ಲಿ ಕಾಯುತ್ತಿರುತ್ತವೆ. ಇಷ್ಟನ್ನು ತುಂಬಿ 'ಟೆಸ್ಟ್' ಗುಂಡಿ ಒತ್ತಿದರೆ, ಸಂಪರ್ಕ ಸರಿಯಾಗಿದೆ ಎಂಬ ಸಂದೇಶ ಬರುತ್ತದೆ. ಹೊಸಬರು ಇಲ್ಲಿಗೆ ಕೆಲಸ ಮುಗಿಯಿತೆಂದು ಮುಂದೆ ಹೋಗುತ್ತಾರೆ.

ಮೊದಲ ಆಕ್ಷೇಪ ಇಲ್ಲಿಯೇ. ಈ ಪರೀಕ್ಷೆಯಿಂದ ತಿಳಿಯುವುದು ಬಾಗಿಲು ತೆರೆಯಿತು ಎಂಬುದೊಂದೇ. ನಿಮಗೆ ಬರೆಯುವ ಅಧಿಕಾರವಿದೆಯೇ, ಕಳುಹಿಸಿದ ಅಕ್ಷರ ಹಾಗೆಯೇ ತಲಪುತ್ತದೆಯೇ ಎಂಬುದನ್ನು ಅದು ನೋಡುವುದಿಲ್ಲ. ಕನ್ನಡ ಬಳಸುವ ನಮಗೆ ಎರಡನೆಯ ಪ್ರಶ್ನೆ ಬಹಳ ಮುಖ್ಯ. ಯೂನಿಕೋಡ್‌ನಲ್ಲಿ 'ಕನ್ನಡ' ಎಂಬ ಪದಕ್ಕೆ 5 ಸಂಕೇತಗಳು: ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಒಟ್ಟು 15 ಬೈಟ್. ಆದರೆ ಮೈಎಸ್‌ಕ್ಯುಎಲ್ ಸರ್ವರ್‌ನ ಪೂರ್ವನಿಗದಿತ ಲಿಪಿ ಸಂಕೇತ, 2018ರಲ್ಲಿ 8.0 ಆವೃತ್ತಿ ಬರುವವರೆಗೆ, ಲ್ಯಾಟಿನ್-1 ಆಗಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಆ ಕಾಲದ ಜಾವಾ ಚಾಲಕ ತಂತ್ರಾಂಶವು, ಬೇರೆ ಸೂಚನೆ ಇಲ್ಲದಿದ್ದರೆ, ಸರ್ವರ್‌ನ ಸಂಕೇತವನ್ನೇ ಅನುಸರಿಸುತ್ತಿತ್ತು.

ಪರಿಣಾಮವೇನು? ಚಾಲಕವು ತನಗೆ ತಿಳಿಯದ ಪ್ರತಿ ಸಂಕೇತದ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಕಳುಹಿಸುತ್ತದೆ. ಸರ್ವರ್‌ನ ಕಣ್ಣಿಗೆ ಪ್ರಶ್ನಾರ್ಥಕ ಚಿಹ್ನೆಯೂ ಸರಿಯಾದ ಅಕ್ಷರವೇ ಆದ್ದರಿಂದ ಅದು ದೋಷವನ್ನು ವರದಿ ಮಾಡುವುದಿಲ್ಲ. ಸಾವಿರ ಹೆಸರುಗಳೂ ಸಾಲಾಗಿ ಹೋಗಿ ಕುಳಿತಿರುತ್ತವೆ, ಬರಿಯ ಪ್ರಶ್ನೆಗಳಾಗಿ. ಮೂಲವನ್ನು ಅಷ್ಟರಲ್ಲಿ ಅಳಿಸಿದ್ದರೆ ಆ ಹೆಸರುಗಳನ್ನು ಮರಳಿ ಪಡೆಯುವ ದಾರಿಯಿಲ್ಲ. ಇದನ್ನು ತಡೆಯುವ ಸೂಚನೆಯನ್ನು ಕೆಟಲ್‌ನಲ್ಲಿ ಕೊಡಬಹುದು. ಆದರೆ 'ಆಪ್ಷನ್ಸ್' ಎಂಬ ಬೇರೆ ಪುಟಕ್ಕೆ ಹೋಗಿ, ಲಿಪಿ ಸಂಕೇತದ ಆಯ್ಕೆಯ ಹೆಸರನ್ನೂ ಬೆಲೆಯನ್ನೂ ನೀವೇ ಬೆರಳಚ್ಚು ಮಾಡಬೇಕು. ಮೊದಲ ಪುಟದಲ್ಲಿ ಅದರ ಸುಳಿವಿಲ್ಲ. ಇಂಗ್ಲಿಷ್ ಅಕ್ಷರಗಳಷ್ಟೇ ಬಳಸುವವರಿಗೆ ಇದು ಗೌಣ ವಿಷಯವಾಗಿರಬಹುದು. ನಮಗೆ ಮೊದಲನೆಯ ಪ್ರಶ್ನೆಯೇ ಇದಾಗಬೇಕು.

ಎರಡನೆಯ ಆಕ್ಷೇಪ ಗುಪ್ತಪದದ ಬಗ್ಗೆ. ಕೆಟಲ್‌ನಲ್ಲಿ ಸಿದ್ಧಪಡಿಸಿದ ನಕ್ಷೆಯು ಎಕ್ಸ್‌ಎಂಎಲ್ ಕಡತವಾಗಿ ಉಳಿಯುತ್ತದೆ. ಸಂಪರ್ಕದ ವಿವರಗಳೂ ಗುಪ್ತಪದವೂ ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಗುಪ್ತಪದದ ಮುಂದೆ 'ಎನ್‌ಕ್ರಿಪ್ಟೆಡ್' ಎಂಬ ಪದ ಕಾಣುವುದರಿಂದ ಭದ್ರವಾಗಿದೆ ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಪೂರ್ವನಿಗದಿತ ವಿಧಾನವು, ಮುಕ್ತ ಆಕರದಲ್ಲಿ ಯಾರು ಬೇಕಾದರೂ ಓದಬಹುದಾದ ಒಂದು ಸ್ಥಿರ ಸಂಖ್ಯೆಯೊಡನೆ ಮಾಡುವ ಸರಳ ಬೆರಕೆ. ಅದನ್ನು ಬಿಡಿಸಲು ಕೆಲವೇ ಸಾಲುಗಳ ಪ್ರೋಗ್ರಾಂ ಸಾಕು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಮೆಟ್ಟಿಲ ಮೇಲೆ ಇಟ್ಟಂತೆ! ನಂತರದ ಆವೃತ್ತಿಗಳಲ್ಲಿ ಎಇಎಸ್ ಎಂಬ ಬಲವಾದ ಗೂಢಲಿಪಿಯ ಆಯ್ಕೆ ಬಂದಿದೆಯಾದರೂ ಬಳಸುವವರೇ ಹುಡುಕಿ ಹೊಂದಿಸಬೇಕು.

ಮೂರನೆಯದು ಸಂಪರ್ಕಗಳ ಸಂಖ್ಯೆ. ಪಟ್ಟಿಯಲ್ಲಿ ಒಂದೇ ಹೆಸರು ಕಾಣುವುದರಿಂದ ಒಂದೇ ಸಂಪರ್ಕವಿದೆ ಎನಿಸುತ್ತದೆ. ಆದರೆ ಕೆಟಲ್‌ನಲ್ಲಿ ಎಲ್ಲ ಹಂತಗಳೂ ಏಕಕಾಲದಲ್ಲಿ ಓಡುತ್ತವೆ. ಡೇಟಾಬೇಸನ್ನು ಬಳಸುವ ಪ್ರತಿ ಹಂತವೂ ತನ್ನದೇ ಸಂಪರ್ಕವನ್ನು ತೆರೆಯುತ್ತದೆ. ಇಂಥ 6 ಹಂತಗಳ ನಕ್ಷೆಯನ್ನು ಪ್ರಯೋಗಾಲಯದಲ್ಲಿ 20 ವಿದ್ಯಾರ್ಥಿಗಳು ಒಮ್ಮೆಗೇ ನಡೆಸಿದರೆ 120 ಸಂಪರ್ಕಗಳು. ಪೋಸ್ಟ್‌ಗ್ರೆಸ್‌ನ ಪೂರ್ವನಿಗದಿತ ಮಿತಿ 100. ಕೆಲವರಿಗೆ ದೋಷ ಸಂದೇಶ ಬರುತ್ತದೆ. ಕಾರಣ ಮಾತ್ರ ಹೊಳೆಯುವುದಿಲ್ಲ. ಒಂದು ಹಂತ ಬರೆದ ಸಾಲು, ಅದು ಖಾಯಂ ಆಗುವವರೆಗೆ, ಇನ್ನೊಂದು ಹಂತಕ್ಕೆ ಕಾಣದಿರುವುದಕ್ಕೂ ಇದೇ ಕಾರಣ. ಎಲ್ಲ ಹಂತಗಳೂ ಒಂದೇ ಸಂಪರ್ಕವನ್ನು ಹಂಚಿಕೊಳ್ಳುವ ಆಯ್ಕೆ ಇದೆ. ಆದರೆ ಅದು ಸಂಪರ್ಕದ ಕಿಟಕಿಯಲ್ಲಿಲ್ಲ, ನಕ್ಷೆಯ ಗುಣವಿವರಗಳಲ್ಲಿ ಅಡಗಿದೆ.

ಕೆಟಲ್‌ನ ಪರವಾಗಿ ಹೇಳಬೇಕಾದದ್ದೂ ಇದೆ. ಡಾಲರ್ ಚಿಹ್ನೆ ಕಾಣುವ ಪ್ರತಿ ಖಾನೆಯಲ್ಲೂ ನೇರ ವಿವರದ ಬದಲು ಒಂದು ಚರದ ಹೆಸರನ್ನು ಬರೆಯಬಹುದು. ಅದರ ಬೆಲೆ 'ಕೆಟಲ್ ಪ್ರಾಪರ್ಟೀಸ್' ಎಂಬ ಪ್ರತ್ಯೇಕ ಕಡತದಲ್ಲಿರುತ್ತದೆ. ಆಗ ನಕ್ಷೆಯನ್ನು ಯಾರಿಗೆ ಕೊಟ್ಟರೂ ವಿಳಾಸ, ಗುಪ್ತಪದಗಳು ನಿಮ್ಮ ಗಣಕದಲ್ಲೇ ಉಳಿಯುತ್ತವೆ. ಪ್ರಯೋಗದ ಸರ್ವರ್‌ನಿಂದ ನಿಜವಾದ ಸರ್ವರ್‌ಗೆ ಹೋಗುವಾಗ ನಕ್ಷೆಯನ್ನು ತಿದ್ದಬೇಕಾಗಿಲ್ಲ. 2019ರಲ್ಲಿ ಕೆಟಲ್‌ನಿಂದ ಕವಲೊಡೆದ ಅಪಾಚೆ ಹಾಪ್ ತಂತ್ರಾಂಶವು ಸಂಪರ್ಕವನ್ನು ನಕ್ಷೆಯಿಂದ ಹೊರತೆಗೆದು ಪ್ರತ್ಯೇಕ ಕಡತವಾಗಿಸಿದೆ. ಇದು ಸರಿಯಾದ ದಿಕ್ಕು. ಗುಪ್ತಪದದ ಪೂರ್ವನಿಗದಿತ ಬೆರಕೆಯನ್ನು ಮಾತ್ರ ಹಾಪ್ ಕೂಡ ಹಾಗೆಯೇ ಉಳಿಸಿಕೊಂಡಿದೆ.

ಉಪಾಧ್ಯಾಯರಲ್ಲಿ ಒಂದು ಮನವಿ. ಈ ಪಾಠವನ್ನು 'ಟೆಸ್ಟ್' ಗುಂಡಿಗೆ ನಿಲ್ಲಿಸಬೇಡಿ. ವಿದ್ಯಾರ್ಥಿಗಳಿಂದ 'ಕನ್ನಡ' ಎಂಬ ಒಂದೇ ಪದವನ್ನು ಗುರಿ ಡೇಟಾಬೇಸಿಗೆ ಕಳುಹಿಸಿ, ಅಲ್ಲಿ ಅಕ್ಷರ ಸಂಕೇತಗಳ ಎಣಿಕೆಯನ್ನೂ ಬೈಟ್‌ಗಳ ಎಣಿಕೆಯನ್ನೂ ಕೇಳಿಸಿ. ಯುಟಿಎಫ್-8 ಕೋಷ್ಟಕದಲ್ಲಿ 5 ಮತ್ತು 15 ಬಂದರೆ ಸರಿ. ಎರಡೂ 5 ಆದರೆ ಅಲ್ಲಿರುವುದು ಪ್ರಶ್ನಾರ್ಥಕ ಚಿಹ್ನೆಗಳು. ಸಂಕೇತಗಳೇ 15 ಆದರೆ, ಬೈಟ್‌ಗಳನ್ನೇ ಅಕ್ಷರಗಳೆಂದು ತಿಳಿದು ಎರಡು ಸಲ ಸಂಕೇತೀಕರಿಸಲಾಗಿದೆ. ಐದು ನಿಮಿಷದ ಈ ಪ್ರಯೋಗದಲ್ಲಿ ಒಂದು ಪದ ಮಾತ್ರ ಪಣಕ್ಕಿರುತ್ತದೆ. ಅದನ್ನು ಬಿಟ್ಟರೆ ಪಣಕ್ಕಿರುವುದು ಇಡೀ ಪಟ್ಟಿ. ತಂತ್ರಾಂಶ ಕೇಳದ ಪ್ರಶ್ನೆಯನ್ನು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬಂದರೆ, ಮುಂದೆ ಯಾವ ಉಪಕರಣ ಬಂದರೂ ಅವರು ಅದನ್ನು ಪರೀಕ್ಷಿಸಿಯೇ ಬಳಸುತ್ತಾರೆ.