ಭದ್ರತೆ: ಯಾರಿಗೆ, ಯಾರ ದೆಸೆಯಿಂದ?

ಲೋಕದಲ್ಲಿ ರೂಢಿಗೆ ಬಂದ ಅಭಿಪ್ರಾಯಗಳು ಎರಡು ಬಗೆ. ಅನುಭವದಿಂದ ಹುಟ್ಟಿ ವಿಚಾರದಿಂದ ಬಲಿತವು ಕೆಲವು. ರಾಗದ್ವೇಷಗಳಿಂದ ಹುಟ್ಟಿ ಬರಿಯ ಪುನರುಕ್ತಿಯಿಂದ ಬಲಿತವು ಹಲವು. ಸಾಫ್ಟ್‌ವೇರ್ ಕಂಪೆನಿಗಳು, ಮಾರುಕಟ್ಟೆಯಲ್ಲಿ ಅವುಗಳ ಪ್ರಾಬಲ್ಯ, ಕಂಪ್ಯೂಟರಿನ ಭದ್ರತೆ, ಮಕ್ಕಳೂ ದೊಡ್ಡವರೂ ಆಡುವ ವಿಡಿಯೋ ಆಟಗಳು—ಇವನ್ನು ಕುರಿತು ವಿದ್ಯಾವಂತರ ಮನೆಗಳಲ್ಲಿ ಇಂದು ಕೇಳಿಬರುವ ಮಾತು ಬಹುಮಟ್ಟಿಗೆ ಎರಡನೆಯ ಬಗೆಗೆ ಸೇರಿದ್ದು. ಒಬ್ಬರು “ಮೈಕ್ರೋಸಾಫ್ಟಿನವರ ಸರಕೆಲ್ಲ ತೂತು” ಎನ್ನುವರು. ಇನ್ನೊಬ್ಬರು “ಎಲ್ಲರೂ ಅದನ್ನೇ ಬಳಸುತ್ತಾರೆ, ಆದುದರಿಂದ ಕಳ್ಳರೂ ಅಲ್ಲಿಗೇ ಬರುತ್ತಾರೆ” ಎಂದು ಸಮಾಧಾನ ಹೇಳುವರು. ಮೂರನೆಯವರು “ಆಪಲ್ಲಿನವರ ಹಾಗೆ ಬಾಗಿಲನ್ನು ಬಿಗಿಯಾಗಿ ಹಾಕಿಕೊಂಡರೆ ಭಯವೇ ಇಲ್ಲ” ಎನ್ನುವರು. ನಾಲ್ಕನೆಯವರು “ಮಕ್ಕಳ ಆಟದ ಪೆಟ್ಟಿಗೆಗೆ ಇಷ್ಟೆಲ್ಲ ವಿಚಾರವೇಕೆ?” ಎಂದು ಮಾತನ್ನೇ ಮುಗಿಸಿಬಿಡುವರು. ಈ ನಾಲ್ಕರಲ್ಲಿ ಯಾವುದೂ ಶುದ್ಧ ಸುಳ್ಳಲ್ಲ; ಯಾವುದೂ ಪೂರ್ಣ ಸತ್ಯವೂ ಅಲ್ಲ. ಮನೆಯ ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ, ಮಕ್ಕಳ ವಿನೋದ ಎಲ್ಲವೂ ಈ ಯಂತ್ರಗಳ ಮೂಲಕವೇ ಸಾಗುತ್ತಿರುವಾಗ ಅರ್ಧಸತ್ಯಗಳಿಂದ ಆಗುವ ನಷ್ಟ ಅಲ್ಪವಲ್ಲ. ಆದುದರಿಂದ ಅವುಗಳ ಪರೀಕ್ಷೆ ಅವಶ್ಯವಾಗಿದೆ.

ಈ ಮಾತುಗಳ ದೋಷವು ಸಂಗತಿಗಿಂತ ಹೆಚ್ಚಾಗಿ ಪದಪ್ರಯೋಗದಲ್ಲಿದೆ. ಸಂಸ್ಕೃತ ವ್ಯಾಕರಣದಲ್ಲಿ ರಕ್ಷಣಾರ್ಥದ ಧಾತುಗಳನ್ನು ಬಳಸುವಾಗ ಭಯಕ್ಕೆ ಹೇತುವಾದುದು ಪಂಚಮೀ ವಿಭಕ್ತಿಯಲ್ಲಿ ನಿಲ್ಲಬೇಕೆಂಬ ನಿಯಮವುಂಟು. ಕಾಪಾಡುವುದೆಂದರೆ ಯಾರನ್ನೋ ಕಾಪಾಡಬೇಕು, ಯಾರ ದೆಸೆಯಿಂದಲೋ ಕಾಪಾಡಬೇಕು. ಈ ಎರಡು ಆಕಾಂಕ್ಷೆಗಳು ತೀರದೆ ಅರ್ಥವು ಪೂರ್ಣವಾಗದು. ‘ಭದ್ರತೆ’ ಎಂಬುದೂ ಇಂತಹ ಆಕಾಂಕ್ಷೆಯುಳ್ಳ ಪದವೇ. ಆದರೆ ಜನರ ಮಾತಿನಲ್ಲಿಯೂ ಕಂಪೆನಿಗಳ ಪ್ರಕಟನೆಗಳಲ್ಲಿಯೂ ಅದು ಒಂಟಿಯಾಗಿ ನಿಂತಿರುತ್ತದೆ. ಕೇಳುವವನು ತನ್ನ ಭದ್ರತೆಯೆಂದು ತಿಳಿದು ತಲೆದೂಗುವನು. ಹೇಳುವವನ ಮನಸ್ಸಿನಲ್ಲಿ ಬೇರೊಬ್ಬರ ಭದ್ರತೆ ಇರಬಹುದು. ಮೇಲಣ ನಾಲ್ಕು ಪಕ್ಷಗಳನ್ನೂ ಈ ಒಂದು ಒರೆಗಲ್ಲಿಗೆ ತಿಕ್ಕಿ ನೋಡಬಹುದು.

ಮೊದಲನೆಯ ಪಕ್ಷಕ್ಕೆ ಆಧಾರವಿಲ್ಲದಿಲ್ಲ. ೨೦೦೧ನೆಯ ಇಸವಿ ಜುಲೈ ೧೯ರಂದು ‘ಕೋಡ್ ರೆಡ್’ ಎಂಬ ಹುಳು—ಎಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿಕೊಳ್ಳುವ ಪ್ರೋಗ್ರಾಮು—ಮೈಕ್ರೋಸಾಫ್ಟಿನ ವೆಬ್ ಸರ್ವರ್ ಸಾಫ್ಟ್‌ವೇರಿನ ಒಂದು ದೋಷವನ್ನು ಹಿಡಿದು, ಹದಿನಾಲ್ಕು ಗಂಟೆಗಳಲ್ಲಿ ಸುಮಾರು ೩,೫೯,೦೦೦ ಯಂತ್ರಗಳನ್ನು ಹೊಕ್ಕಿತು. ೨೦೦೩ರ ಜನವರಿ ೨೫ರಂದು ‘ಸ್ಲ್ಯಾಮರ್’ ಎಂಬ ಇನ್ನೊಂದು ಹುಳು ಅದೇ ಕಂಪೆನಿಯ ಡೇಟಾಬೇಸ್ ಸಾಫ್ಟ್‌ವೇರಿನ ಮೂಲಕ ಹರಡಿ, ತನಗೆ ವಶವಾಗಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತೇ ನಿಮಿಷಗಳಲ್ಲಿ ಹಿಡಿಯಿತು. ಆದರೆ ಎರಡು ಸಂದರ್ಭಗಳಲ್ಲಿಯೂ ಕಂಪೆನಿಯು ತೇಪೆಯನ್ನು ಮುಂಚಿತವಾಗಿಯೇ ಹೊರಡಿಸಿದ್ದಿತು: ಮೊದಲನೆಯದಕ್ಕೆ ಒಂದು ತಿಂಗಳು ಮುಂಚೆ, ಎರಡನೆಯದಕ್ಕೆ ಆರು ತಿಂಗಳು ಮುಂಚೆ. ಹಾಕಿಕೊಳ್ಳಬೇಕಾದವರು ಹಾಕಿಕೊಂಡಿರಲಿಲ್ಲ. ದೋಷವು ಮಾರಿದವರದು, ಆಲಸ್ಯವು ಬಳಸಿದವರದು. ‘ಸರಕೆಲ್ಲ ತೂತು’ ಎನ್ನುವವರ ಮಾತಿನಲ್ಲಿ ಈ ಎರಡನೆಯ ಭಾಗವು ಬಿಟ್ಟುಹೋಗುತ್ತದೆ.

ಎರಡನೆಯ ಪಕ್ಷದವರು ಪ್ರಾಬಲ್ಯವೊಂದನ್ನೇ ಹೇತುವೆಂದು ಹಿಡಿಯುವರು. ಈ ಹೇತು ವ್ಯಭಿಚರಿಸುತ್ತದೆ. ಕೋಡ್ ರೆಡ್ ಹರಡಿದ ೨೦೦೧ರಲ್ಲಿ ಲೋಕದ ವೆಬ್ ಸೈಟುಗಳಲ್ಲಿ ಅರ್ಧಕ್ಕೂ ಮಿಗಿಲಾದುವು ನಡೆಯುತ್ತಿದ್ದುದು ಮೈಕ್ರೋಸಾಫ್ಟಿನ ಸರ್ವರಿನ ಮೇಲಲ್ಲ; ಉಚಿತವಾಗಿ ದೊರೆಯುವ ‘ಅಪಾಚೆ’ ಎಂಬುದರ ಮೇಲೆ. ಬಹುಜನರು ಬಳಸುವುದೇ ಹಾವಳಿಗೆ ಕಾರಣವಾಗಿದ್ದರೆ ಹುಳುವು ಅಲ್ಲಿಗೆ ಬರಬೇಕಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ, ೧೯೮೮ರ ನವೆಂಬರ್ ೨ರಂದು ಇಂಟರ್‌ನೆಟ್ಟನ್ನು ತತ್ತರಗೊಳಿಸಿದ ಮಾರಿಸ್ ಹುಳು ಹೊಕ್ಕುದು ವಿಶ್ವವಿದ್ಯಾನಿಲಯಗಳ ಯೂನಿಕ್ಸ್ ಯಂತ್ರಗಳನ್ನು. ಅಲ್ಲಿ ಮೈಕ್ರೋಸಾಫ್ಟಿನ ಹೆಸರೇ ಇರಲಿಲ್ಲ. ಇದಲ್ಲದೆ ೨೦೦೨ರ ಜನವರಿಯಲ್ಲಿ ಬಿಲ್ ಗೇಟ್ಸರು ತಮ್ಮ ಕೆಲಸಗಾರರೆಲ್ಲರಿಗೂ ಪತ್ರ ಬರೆದು, ಹೊಸ ಸೌಕರ್ಯವನ್ನು ಸೇರಿಸುವುದೋ ಭದ್ರತೆಯ ದೋಷವನ್ನು ತೀರಿಸುವುದೋ ಎಂಬ ಪ್ರಶ್ನೆ ಬಂದಾಗ ಭದ್ರತೆಯನ್ನೇ ಆರಿಸಿಕೊಳ್ಳಬೇಕೆಂದು ವಿಧಿಸಿದರು. ಅದುವರೆಗಿನ ಪದ್ಧತಿ ಬೇರೆಯಾಗಿದ್ದಿತೆಂಬುದು ಆ ಪತ್ರದಿಂದಲೇ ಧ್ವನಿತವಾಗುತ್ತದೆ. ೨೦೦೪ರ ಆಗಸ್ಟಿನಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕಿನಲ್ಲಿ, ಹೊರಗಿನಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲ್ ಮೊದಲಿನಿಂದಲೇ ಕೆಲಸಮಾಡುವಂತೆ ಏರ್ಪಟ್ಟಿತು. ಪ್ರಾಬಲ್ಯವು ಕಡಮೆಯಾಗದೆಯೇ ಬಾಗಿಲು ಗಟ್ಟಿಯಾಯಿತು. ಆದುದರಿಂದ ಪ್ರಾಬಲ್ಯವು ಅಜಾಗರೂಕತೆಗೆ ಕ್ಷಮಾಪಣೆಯಾಗಲಾರದು.

ಹಾಗೆಂದ ಮಾತ್ರಕ್ಕೆ ಪ್ರಾಬಲ್ಯಕ್ಕೂ ಭದ್ರತೆಗೂ ಸಂಬಂಧವೇ ಇಲ್ಲವೆನ್ನುವುದೂ ಸರಿಯಲ್ಲ. ೨೦೦೩ರ ಸೆಪ್ಟೆಂಬರಿನಲ್ಲಿ ಡ್ಯಾನ್ ಗೀಯರ್, ಬ್ರೂಸ್ ಶ್ನೈಯರ್ ಮೊದಲಾದ ಏಳು ಮಂದಿ ತಜ್ಞರು ಒಂದು ವರದಿಯನ್ನು ಹೊರಡಿಸಿದರು. ಸೀಮೆಯೆಲ್ಲ ಒಂದೇ ಬೆಳೆಯನ್ನು ಬಿತ್ತಿದರೆ ಒಂದೇ ರೋಗ ಎಲ್ಲವನ್ನೂ ತಿನ್ನುವಂತೆ, ಎಲ್ಲ ಕಂಪ್ಯೂಟರುಗಳಲ್ಲಿಯೂ ಒಂದೇ ಸಾಫ್ಟ್‌ವೇರ್ ಇದ್ದರೆ ಒಂದೇ ದೋಷ ಎಲ್ಲವನ್ನೂ ಕೆಡವಬಲ್ಲದೆಂಬುದು ಅದರ ಸಾರ. ವರದಿಯನ್ನು ಪ್ರಕಟಿಸಿದ ಸಂಘದಲ್ಲಿ ಮೈಕ್ರೋಸಾಫ್ಟಿನ ಪ್ರತಿಸ್ಪರ್ಧಿಗಳಿದ್ದರೆಂಬುದನ್ನು ಮರೆಯಲಾಗದು. ವರದಿ ಹೊರಬಿದ್ದೊಡನೆ ಗೀಯರರು ತಾವಿದ್ದ ಕಂಪೆನಿಯ ಕೆಲಸವನ್ನು ಕಳೆದುಕೊಂಡರೆಂಬುದನ್ನೂ, ಆ ಕಂಪೆನಿಗೆ ಮೈಕ್ರೋಸಾಫ್ಟು ಗಿರಾಕಿಯಾಗಿದ್ದಿತೆಂಬುದನ್ನೂ ಮರೆಯಲಾಗದು. ಹೇಳಿದವರು ಯಾರೇ ಆಗಿರಲಿ, ಯುಕ್ತಿಯು ಯುಕ್ತಿಯೇ. ೨೦೨೪ರ ಜುಲೈ ೧೯ರಂದು ಅದಕ್ಕೆ ನಿದರ್ಶನ ದೊರೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತೆಯ ಕಂಪೆನಿಯೇ ಕಳುಹಿಸಿದ ಒಂದು ದೋಷಯುಕ್ತ ಪರಿಷ್ಕರಣದಿಂದ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ಬಿದ್ದುಹೋದುವು. ದೇಶದೇಶಗಳ ವಿಮಾನಗಳು ನಿಂತುವು. ಕಳ್ಳನೊಬ್ಬನೂ ಬಂದಿರಲಿಲ್ಲ. ಕಾವಲಿನವನೇ ಎಡವಿದ್ದನು, ಎಲ್ಲ ಮನೆಗಳಿಗೂ ಅವನೊಬ್ಬನೇ ಕಾವಲಿದ್ದುದರಿಂದ ಎಲ್ಲ ಮನೆಗಳೂ ಏಕಕಾಲದಲ್ಲಿ ಮುಚ್ಚಿದುವು. ಪ್ರಾಬಲ್ಯವು ದೋಷವನ್ನು ಹುಟ್ಟಿಸುವುದಿಲ್ಲ; ಹುಟ್ಟಿದ ದೋಷವನ್ನು ಅದು ಎಲ್ಲರಿಗೂ ಹಂಚುತ್ತದೆ.

ಇಲ್ಲಿಗೆ ಕಚೇರಿಯ ಕಂಪ್ಯೂಟರಿನ ಮಾತಾಯಿತು. ಇನ್ನು ಆಟದ ಪೆಟ್ಟಿಗೆ. ನಾಲ್ಕನೆಯ ಪಕ್ಷದವರು ಅದನ್ನು ವಿಚಾರಕ್ಕೆ ಅನರ್ಹವೆಂದು ತಳ್ಳಿಹಾಕಿದರೂ, ಬೀಗದ ತತ್ತ್ವವು ಮೊಟ್ಟಮೊದಲು ಸ್ಪಷ್ಟವಾಗಿ ಕಾಣಬರುವುದು ಅಲ್ಲಿಯೇ. ೧೯೮೩ರಲ್ಲಿ ಅಮೆರಿಕದ ವಿಡಿಯೋ ಆಟಗಳ ವ್ಯಾಪಾರವು ಕುಸಿದುಬಿದ್ದಿತು. ಕೀಳುತರದ ಆಟಗಳು ಅಂಗಡಿಗಳಲ್ಲಿ ತುಂಬಿಹೋದುದು ಅದಕ್ಕೆ ಮುಖ್ಯಕಾರಣಗಳಲ್ಲೊಂದು. ೧೯೮೫ರಲ್ಲಿ ಜಪಾನಿನ ನಿಂಟೆಂಡೋ ಕಂಪೆನಿಯು ತನ್ನ ಯಂತ್ರವನ್ನು ಆ ದೇಶಕ್ಕೆ ತಂದಾಗ, ಜಪಾನಿನಲ್ಲಿ ಮಾರುತ್ತಿದ್ದ ಯಂತ್ರದಲ್ಲಿಲ್ಲದ ಒಂದು ಚಿಪ್ಪನ್ನು ಅದರೊಳಗೆ ಇರಿಸಿತು. ಆಟದ ಕಾರ್ಟ್ರಿಜ್ಜಿನಲ್ಲಿಯೂ ಅದರ ಜೊತೆಯ ಚಿಪ್ ಇದ್ದರೆ ಮಾತ್ರ ಆಟ ನಡೆಯುವುದು, ಇಲ್ಲವಾದರೆ ಇಲ್ಲ. ಆಟ ರಚಿಸುವವರು ನಿಂಟೆಂಡೋವಿನಿಂದ ಪರವಾನಗಿ ಪಡೆಯಬೇಕು, ಕಾರ್ಟ್ರಿಜ್ಜುಗಳನ್ನು ಅದರಿಂದಲೇ ಮಾಡಿಸಿಕೊಳ್ಳಬೇಕು, ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ಹೊರಡಿಸಬಾರದು, ಎರಡು ವರ್ಷ ಅದೇ ಆಟವನ್ನು ಬೇರೆ ಯಂತ್ರಕ್ಕೆ ಕೊಡಬಾರದು. ಕೊಳ್ಳುವವನಿಗೆ ಕಳಪೆ ಸರಕಿನಿಂದ ರಕ್ಷಣೆ ದೊರೆಯುವುದೆಂಬುದು ಇದರ ಸಮರ್ಥನೆ. ಅದರಲ್ಲಿ ಸತ್ಯಾಂಶವಿದ್ದಿತು. ಆದರೆ ವರ್ಷಕ್ಕೆ ಐದು ಎಂಬ ಮಿತಿಗೆ ಗುಣದೋಷಗಳೊಡನೆ ಇರುವ ಸಂಬಂಧ ಬಹು ದೂರದ್ದು. ಎರಡು ವರ್ಷದ ನಿರ್ಬಂಧಕ್ಕೆ ಯಾವ ಸಂಬಂಧವೂ ಇಲ್ಲ. ಒಂದೇ ಬೀಗವು ಮನೆಯೊಡೆಯನಿಗೂ ಮಾರಾಟಗಾರನಿಗೂ ಕೆಲಸಮಾಡುತ್ತಿದ್ದಿತು. ಹೆಚ್ಚಿನ ಕೂಲಿ ಮಾರಾಟಗಾರನಿಗೆ ಸಂದಿತು.

ಈ ಬೀಗವನ್ನು ಮುರಿಯಲು ಹೊರಟ ಅಟಾರಿ ಗೇಮ್ಸ್ ಕಂಪೆನಿಯ ನಡತೆಯೂ ಪ್ರಶಂಸನೀಯವಲ್ಲ. ವ್ಯಾಜ್ಯವಿಲ್ಲದಿದ್ದಾಗ ವ್ಯಾಜ್ಯವಿದೆಯೆಂದು ಹೇಳಿ, ಸರ್ಕಾರದ ಕೃತಿಸ್ವಾಮ್ಯದ ಕಚೇರಿಯಿಂದ ಅದು ಚಿಪ್ಪಿನ ಪ್ರೋಗ್ರಾಮಿನ ಪ್ರತಿಯನ್ನು ತೆಗೆಸಿಕೊಂಡಿತು. ೧೯೯೨ರಲ್ಲಿ ಮೇಲಣ ನ್ಯಾಯಾಲಯವು ಅಟಾರಿಗೆ ವಿರುದ್ಧವಾಗಿ ತೀರ್ಪಿತ್ತಿತು. ಅದೇ ವರ್ಷ ಸೆಗಾ ಕಂಪೆನಿಗೂ ಅಕೊಲೇಡ್ ಕಂಪೆನಿಗೂ ನಡೆದ ವ್ಯಾಜ್ಯದಲ್ಲಿ ಇನ್ನೊಂದು ಮೇಲಣ ನ್ಯಾಯಾಲಯವು, ಕೊಂಡುಕೊಂಡ ಆಟವನ್ನು ಬಿಡಿಸಿ ನೋಡಿ ಯಂತ್ರಕ್ಕೆ ಹೊಂದುವ ಆಟವನ್ನು ಸ್ವಂತವಾಗಿ ರಚಿಸುವುದು ನ್ಯಾಯವಾದ ಬಳಕೆಯೆಂದು ನಿರ್ಣಯಿಸಿತು. ಬೀಗವಿದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಬೀಗ ಹಾಕಿದವನ ಸೊತ್ತಲ್ಲವೆಂಬ ಈ ವಿವೇಕವು ಮಕ್ಕಳ ಆಟದಿಂದಲೇ ನ್ಯಾಯಶಾಸ್ತ್ರಕ್ಕೆ ಒದಗಿತು.

‘ಬೇಲಿಯೇ ಎದ್ದು ಹೊಲ ಮೇದಂತೆ’ ಎಂಬ ಗಾದೆಗೆ ಸೋನಿಯ ಚರಿತ್ರೆಯು ಭಾಷ್ಯದಂತಿದೆ. ೨೦೦೫ರಲ್ಲಿ ಸೋನಿ ಬಿಎಂಜಿ ಸಂಗೀತದ ಕಂಪೆನಿಯು ತನ್ನ ತಟ್ಟೆಗಳ ನಕಲನ್ನು ತಡೆಯುವುದಕ್ಕಾಗಿ, ಕೇಳುಗರ ಕಂಪ್ಯೂಟರಿನೊಳಗೆ ಅಡಗಿ ಕುಳಿತುಕೊಳ್ಳುವ ಪ್ರೋಗ್ರಾಮನ್ನು ಸೇರಿಸಿದ್ದಿತು. ಆ ವರ್ಷದ ಅಕ್ಟೋಬರ್ ೩೧ರಂದು ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಅದನ್ನು ಬಯಲಿಗೆಳೆದರು. ಒಂದು ಗೊತ್ತಾದ ಅಕ್ಷರಪುಂಜದಿಂದ ಆರಂಭವಾಗುವ ಹೆಸರುಳ್ಳ ಕಡತಗಳನ್ನೆಲ್ಲ ಅದು ಮರೆಮಾಡುತ್ತಿದ್ದಿತು. ಈ ಮರೆಯನ್ನು ದುಷ್ಟ ಪ್ರೋಗ್ರಾಮುಗಳ ಕರ್ತರು ಬಳಸಿಕೊಂಡರು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ಮೋಸಮಾಡುವವರೂ, ಆಟದ ಕಾವಲಿನವರ ಕಣ್ಣು ತಪ್ಪಿಸಲು ಅದನ್ನೇ ಬಳಸಿಕೊಂಡರು. ಇಲ್ಲಿ ಕಾಪಾಡಲ್ಪಟ್ಟುದು ಮಾರಿದವರ ಸೊತ್ತು. ‘ಯಾರ ದೆಸೆಯಿಂದ’ ಎಂಬ ಪಂಚಮಿಯಲ್ಲಿ ನಿಂತವನು ಬೆಲೆ ಕೊಟ್ಟು ಕೊಂಡ ಗೃಹಸ್ಥನೇ!

ಇದೇ ಬಳಗದ ಆಟದ ಕಂಪೆನಿಯು ತನ್ನ ಪ್ಲೇಸ್ಟೇಷನ್ ೩ ಯಂತ್ರದಲ್ಲಿ ಬೇರೆಯ ವ್ಯವಸ್ಥೆಯನ್ನೂ ನಡೆಸಲು ಮೊದಲು ಅವಕಾಶವಿತ್ತಿದ್ದಿತು. ೨೦೧೦ರ ಏಪ್ರಿಲ್ ೧ರಂದು ಭದ್ರತೆಯ ಕಾರಣವನ್ನು ಹೇಳಿ ಆ ಅವಕಾಶವನ್ನು ತೆಗೆದುಹಾಕಿತು. ಕೊಂಡವರು ತಮ್ಮ ಸ್ವಂತ ಯಂತ್ರದ ಒಂದು ಶಕ್ತಿಯನ್ನು ಕಳೆದುಕೊಂಡರು. ವರ್ಷ ಕಳೆದ ಸ್ವಲ್ಪದರಲ್ಲಿಯೇ, ೨೦೧೧ರ ಏಪ್ರಿಲಿನಲ್ಲಿ, ಆ ಕಂಪೆನಿಯ ಜಾಲಕ್ಕೇ ಕನ್ನ ಬಿದ್ದಿತು. ಸುಮಾರು ೭ ಕೋಟಿ ೭೦ ಲಕ್ಷ ಖಾತೆಗಳ ವಿವರಗಳು ಅಪಾಯಕ್ಕೊಳಗಾದುವು. ಜಾಲವನ್ನು ಏಪ್ರಿಲ್ ೨೦ರಂದು ನಿಲ್ಲಿಸಿದರೂ, ಬಳಕೆದಾರರ ವಿವರಗಳಿಗೆ ಆಪತ್ತು ಬಂದ ಸಂಗತಿಯನ್ನು ಅವರಿಗೆ ತಿಳಿಸಿದುದು ೨೬ರಂದು. ಒಂದೇ ಪದದ ಎರಡು ಅರ್ಥಗಳು ಇಲ್ಲಿ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಮೊದಲನೆಯ ವರ್ಷದ ‘ಭದ್ರತೆ’ ಯಂತ್ರವನ್ನು ಅದರ ಒಡೆಯನ ದೆಸೆಯಿಂದ ಕಾಪಾಡುವುದು. ಎರಡನೆಯ ವರ್ಷ ಬೇಕಾಗಿದ್ದುದು ಒಡೆಯನನ್ನು ಕಳ್ಳರ ದೆಸೆಯಿಂದ ಕಾಪಾಡುವುದು. ಮೊದಲನೆಯದರಲ್ಲಿ ತೋರಿದ ಆತುರವು ಎರಡನೆಯದರಲ್ಲಿ ಕಾಣಲಿಲ್ಲ.

ಕಡೆಗೆ ಮೂರನೆಯ ಪಕ್ಷ: ಬಿಗಿಯಾದ ಬಾಗಿಲಿನ ಪಕ್ಷ. ಇದು ಮಿಕ್ಕವುಗಳಿಗಿಂತ ಬಲವಾದದ್ದು. ಆಪಲ್ಲಿನ ಫೋನಿಗೆ ಅದರ ಅಂಗಡಿಯಿಂದಲೇ ಪ್ರೋಗ್ರಾಮುಗಳು ಬರಬೇಕೆಂಬ ನಿಯಮದಿಂದ ಸಾಮಾನ್ಯ ಬಳಕೆದಾರನಿಗೆ ಅನೇಕ ಕೇಡುಗಳು ತಪ್ಪಿವೆ. ಎಪಿಕ್ ಗೇಮ್ಸ್ ಕಂಪೆನಿಯು ೨೦೨೦ರಲ್ಲಿ ಹೂಡಿದ ದಾವೆಯ ಮೇಲೆ ೨೦೨೧ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪಿನಲ್ಲಿಯೂ ಈ ಭದ್ರತೆಗೆ ಮನ್ನಣೆ ದೊರೆಯಿತು. ಏಕಸ್ವಾಮ್ಯದ ಆರೋಪವು ನಿಲ್ಲಲಿಲ್ಲ. ಆದರೆ ಹೊರಗೆ ಹಣ ಸಲ್ಲಿಸುವ ಬೇರೆ ದಾರಿಯುಂಟೆಂದು ಗಿರಾಕಿಗೆ ತಿಳಿಸದಂತೆ ತಡೆದುದು ನ್ಯಾಯವಲ್ಲವೆಂದು ಅದೇ ತೀರ್ಪು ಹೇಳಿತು. ಅಂಗಡಿಯ ಆದಾಯದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಆಟಗಳಿಂದ ಬರುವುದೆಂದೂ, ಅಷ್ಟನ್ನೂ ಕೊಡುವವರು ಗಿರಾಕಿಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಮೆ ಮಂದಿಯೆಂದೂ ಅದರಲ್ಲಿ ಕಾಣಿಸಿದೆ. ಕಳ್ಳನನ್ನು ತಡೆಯುವುದಕ್ಕೆ ಬಾಗಿಲು ಬೇಕು. ಪಕ್ಕದಂಗಡಿಯ ಬೆಲೆಯನ್ನು ಕೇಳದಂತೆ ಮಾಡುವುದಕ್ಕೂ ಅದೇ ಬಾಗಿಲು ಬೇಕೆಂದರೆ ಅದು ಭದ್ರತೆಯಲ್ಲ, ವ್ಯಾಪಾರ.

ಈ ವಾದವು ಭರತಖಂಡದ ಮನೆಗಳಿಂದ ದೂರದ್ದಲ್ಲ. ೨೦೨೨ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ ಗೂಗಲ್ಲಿಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ವಿಧಿಸಿದಾಗ, ಭಾರತೀಯರ ಭದ್ರತೆಗೆ ಇದರಿಂದ ಅಪಾಯವೆಂಬುದೇ ಆ ಕಂಪೆನಿಯ ಉತ್ತರಗಳಲ್ಲೊಂದಾಗಿದ್ದಿತು. ೨೦೨೩ರ ಮಾರ್ಚಿಯಲ್ಲಿ ಮೇಲ್ಮನವಿಯ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ಆಯೋಗದ ನಿರ್ದೇಶನಗಳಲ್ಲಿ ಕೆಲವನ್ನು ತೆಗೆದುಹಾಕಿತು. ಎರಡು ಕಡೆಯಲ್ಲಿಯೂ ಸ್ವಲ್ಪ ಸ್ವಲ್ಪ ನ್ಯಾಯವಿದ್ದಿತೆಂಬುದಕ್ಕೆ ಇದೇ ಸಾಕ್ಷಿ.

ಹೀಗೆ ನೋಡಿದಲ್ಲಿ, ಈ ಕಂಪೆನಿ ಒಳ್ಳೆಯದು, ಆ ಕಂಪೆನಿ ಕೆಟ್ಟದು ಎಂಬ ವಿಭಾಗವು ವಿಮರ್ಶೆಯ ಮುಂದೆ ನಿಲ್ಲುವುದಿಲ್ಲ. ಮೈಕ್ರೋಸಾಫ್ಟು ತಿದ್ದಿಕೊಂಡದ್ದುಂಟು, ಸೋನಿ ತಪ್ಪಿದ್ದುಂಟು, ನಿಂಟೆಂಡೋ ಉಪಕಾರವನ್ನೂ ಲಾಭವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದುಂಟು. ಗೃಹಸ್ಥನು ಮಾಡತಕ್ಕದ್ದು ಇಷ್ಟೆ: ತೇಪೆ ಬಂದಾಗ ಆಲಸ್ಯಮಾಡದೆ ಹಾಕಿಕೊಳ್ಳುವುದು, ಮನೆಯ ಸರ್ವಸ್ವವನ್ನೂ ಒಬ್ಬನೇ ಕಾವಲಿನವನಿಗೆ ಒಪ್ಪಿಸದಿರುವುದು, ಮತ್ತು ‘ಭದ್ರತೆಗಾಗಿ’ ಎಂದು ಯಾರಾದರೂ ಒಂದು ಸೌಕರ್ಯವನ್ನು ಕೊಟ್ಟಾಗಲಾಗಲಿ ಕಿತ್ತುಕೊಂಡಾಗಲಾಗಲಿ, ಆ ವಾಕ್ಯವನ್ನು ಪೂರ್ಣಗೊಳಿಸಿ ಓದುವುದು. ಯಾರಿಗೆ ಭದ್ರತೆ, ಯಾರ ದೆಸೆಯಿಂದ ಭದ್ರತೆ? ಎರಡನೆಯ ಪ್ರಶ್ನೆಗೆ ಉತ್ತರವಾಗಿ ತನ್ನ ಹೆಸರೇ ಬಂದರೆ, ಆ ಬೀಗದ ಬೀಗದಕೈ ಯಾರ ಸೊಂಟದಲ್ಲಿದೆಯೆಂಬುದು ಅವನಿಗೆ ತಾನಾಗಿಯೇ ತಿಳಿಯುವುದು.