ಮುಳ್ಳು ಇಳಿಸುವ ಮುನ್ನ

ಹಳೆಯ ಧ್ವನಿಮುದ್ರಿಕೆಯೊಂದನ್ನು ಅವೆನ್ಯೂ ರಸ್ತೆಯ ಅಂಗಡಿಯಿಂದಲೋ ಬಂಧುಗಳ ಮನೆಯ ಅಟ್ಟದಿಂದಲೋ ತಂದ ರಸಿಕನು ಒಡನೆಯೇ ಅದನ್ನು ನುಡಿಸಿ ನೋಡಬೇಕೆಂದು ಆತುರಪಡುವುದು ಸಹಜವೇ. ಆದರೆ ಆ ತಟ್ಟೆ ನಲವತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದಾಗ ಅದಕ್ಕೆ ಒದಗದಿದ್ದ ಕೇಡು ಈ ಆತುರದ ಮೂರು ನಿಮಿಷಗಳಲ್ಲಿ ಒದಗಬಹುದೆಂಬುದನ್ನು ಈ ವಾರ ತುಸು ವಿಸ್ತಾರವಾಗಿ ನಿವೇದಿಸಬೇಕೆಂದಿದ್ದೇನೆ. ಗೆರೆಗಳ ಮೇಲೆ ಸುಮ್ಮನೆ ಕುಳಿತ ಧೂಳು ಬಹುಮಟ್ಟಿಗೆ ನಿರುಪದ್ರವಿ. ಅದರ ಮೇಲೆ ಮುಳ್ಳು ಹಾದು, ಕಣವನ್ನು ಗೆರೆಯ ಗೋಡೆಗೆ ಒತ್ತಿ ಕೂಡಿಸಿತೆಂದರೆ ಆ ಕಣವು ತಟ್ಟೆಯ ಅಂಗವೇ ಆಗಿಬಿಡುತ್ತದೆ. ಕಿತ್ತು ಬಂದರೂ ತಾನಿದ್ದೆಡೆ ಒಂದು ಗುಳಿಯನ್ನು ಉಳಿಸಿ ಹೋಗುತ್ತದೆ. ಆಮೇಲೆ ಎಷ್ಟು ತೊಳೆದರೂ ಆ ಒಂದು ಚಟಕು ಪ್ರತಿ ಸಲವೂ ಅದೇ ಸ್ವರದ ನೆತ್ತಿಯ ಮೇಲೆ ಕೇಳಿಸುತ್ತದೆ. ಆದುದರಿಂದ ಶುದ್ಧೀಕರಣವೆಂಬುದು ನುಡಿಸಿದ ಮೇಲೆ ಮಾಡತಕ್ಕ ಉಪಚಾರವಲ್ಲ. ಮುಳ್ಳು ಮೊದಲ ಸಲ ತಟ್ಟೆಯನ್ನು ಮುಟ್ಟುವುದಕ್ಕೆ ಮುಂಚೆಯೇ ಆಗಬೇಕಾದ ಕರ್ಮ.

ಇದು ಅತಿಯಾದ ಎಚ್ಚರಿಕೆಯೆಂದು ತೋರುವವರು ಆ ವಜ್ರದ ತುದಿಯ ಪ್ರಮಾಣವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಸ್ಟೀರಿಯೋ ಎಲ್.ಪಿ.ಗೆಂದು ಮಾಡಿದ ಸಾಧಾರಣ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. ಅದರ ಮೇಲೆ ನಾವು ಹೊರಿಸುವ ಭಾರ ಒಂದೂವರೆ ಅಥವಾ ಎರಡು ಗ್ರಾಂ ಮಾತ್ರವೇ ಆದರೂ, ತುದಿಯು ಗೋಡೆಯನ್ನು ಮುಟ್ಟುವ ಸ್ಥಳ ಅತ್ಯಲ್ಪವಾದುದರಿಂದ, ಲೆಕ್ಕ ಹಾಕಿದರೆ ಆ ಬಿಂದುವಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಟನ್ನುಗಳಷ್ಟಾಗುತ್ತದೆ. ನಮ್ಮ ಬೀದಿಯ ಧೂಳಿನಲ್ಲಿ ಇರುವುದೋ ಬಹುಪಾಲು ಬೆಣಚುಕಲ್ಲಿನ ಪುಡಿ. ಅದು ವಿನೈಲಿಗಿಂತ ಎಷ್ಟೋ ಪಟ್ಟು ಕಠಿನ. ಇಂಥ ಕಣವು ಇಂಥ ಒತ್ತಡಕ್ಕೆ ಸಿಕ್ಕಿದಾಗ ಮೆತ್ತನೆಯ ಗೋಡೆ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ. ಮುಳ್ಳಿನ ಪಾಡೂ ಸುಖದ್ದಲ್ಲ. ಎಲ್.ಪಿ.ಯ ಒಂದು ಬದಿಯ ಗೆರೆಯನ್ನು ಬಿಡಿಸಿ ನೇರವಾಗಿ ಹಾಸಿದರೆ ಅರ್ಧ ಕಿಲೋಮೀಟರಿನಷ್ಟಾಗುವುದರಿಂದ, ಸಾವಿರ ಬದಿ ನುಡಿಸಿದ ಮುಳ್ಳು ಬೆಂಗಳೂರಿನಿಂದ ಬೆಳಗಾವಿಗೆ ನೆಲಕ್ಕೆ ಮೈ ಉಜ್ಜಿಕೊಂಡೇ ಹೋದಂತಾಯಿತು. ಆ ಹಾದಿ ಮರಳಿನದೋ ನುಣುಪಾದುದೋ ಎಂಬುದರ ಮೇಲೆ ಅದರ ಆಯುಸ್ಸು ನಿಂತಿದೆ.

ತೊಳೆಯುವುದಕ್ಕೆ ಮೊದಲು ಕೈಯಲ್ಲಿರುವ ತಟ್ಟೆ ಯಾವ ದ್ರವ್ಯದ್ದೆಂದು ತಿಳಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ, ಭಾರವಾದ, ಕೈಜಾರಿದರೆ ಒಡೆಯುವ ಹಳೆಯ ತಟ್ಟೆಗಳು ಅರಗಿನವು. ಮುತ್ತುಗ ಮೊದಲಾದ ಮರಗಳ ಮೇಲೆ ಕೀಟಗಳು ಸ್ರವಿಸುವ, ಛೋಟಾನಾಗಪುರದ ಕಡೆಯಿಂದ ಲೋಕಕ್ಕೆಲ್ಲ ಹೋಗುತ್ತಿದ್ದ ಈ ಅರಗೇ ಚನ್ನಪಟ್ಟಣದ ಗೊಂಬೆಗಳ ಮೈಗೆ ಹೊಳಪನ್ನು ಕೊಡುವುದು. ಅದಕ್ಕೆ ಕಲ್ಲಿನ ಪುಡಿ, ಹತ್ತಿಯ ಎಳೆ, ಕಾಡಿಗೆಗಳನ್ನು ಬೆರಸಿ ಕಾಯಿಸಿ ಒತ್ತಿದರೆ ಗಾನದ ತಟ್ಟೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡಾಗ ಆ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಮರಳಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಅರಗು ಬೆಳೆಯುವ ನಾಡಿನಲ್ಲೇ ತಟ್ಟೆಗಳು ತಯಾರಾಗತೊಡಗಿದವು. ಆ ಗೌಹರ್ ಜಾನರು ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಆಶ್ರಯಿಸಿ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರೆಂಬುದನ್ನು ನೆನೆದಾಗ, ಆಕೆಯ ಹಾಡಿನ ತಟ್ಟೆ ಎಲ್ಲಿಯಾದರೂ ದೊರೆತರೆ ಅದನ್ನು ಕೈಯಲ್ಲಿ ಹಿಡಿಯುವ ರೀತಿಯೇ ಬೇರೆಯಾಗುತ್ತದೆ.

ಅರಗಿನ ಪ್ರಸ್ತಾಪವನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವುಂಟು. ಬಡಗಿಯು ಮೇಜು ಕುರ್ಚಿಗಳಿಗೆ ಫ್ರೆಂಚ್ ಪಾಲಿಷ್ ಹಾಕುವಾಗ ಅರಗನ್ನು ಕರಗಿಸುವುದು ಸ್ಪಿರಿಟಿನಲ್ಲಿ. ಆ ಸ್ಪಿರಿಟನ್ನೇ ಹತ್ತಿಗೆ ಅದ್ದಿ 78ರ ತಟ್ಟೆಯನ್ನು ಒರಸಿದರೆ ಕೊಳೆಯೊಡನೆ ಗೆರೆಯೂ, ಗೆರೆಯೊಡನೆ ಗಾನವೂ ಕರಗಿ ಹತ್ತಿಗೆ ಬರುತ್ತವೆ. ಎಲ್.ಪಿ.ಗಳಿಗೆಂದು ಮಾರುವ ದ್ರವಗಳಲ್ಲಿ ಅನೇಕವು ಸ್ಪಿರಿಟಿನ ಅಂಶವುಳ್ಳವಾದ್ದರಿಂದ ಈ ಅನಾಹುತ ಅರಿಯದೆಯೇ ಆಗಿಬಿಡಬಹುದು. ಪಶ್ಚಿಮ ದೇಶಗಳಲ್ಲಿ ನಿಂತುಹೋದ ಮೇಲೂ ನಮ್ಮಲ್ಲಿ 1960ರ ದಶಕದವರೆಗೆ 78ರ ತಟ್ಟೆಗಳು ತಯಾರಾಗುತ್ತಲೇ ಇದ್ದುದರಿಂದ, ನಮ್ಮ ಮನೆಗಳ ಸಂಗ್ರಹಗಳಲ್ಲಿ ಎರಡು ಜಾತಿಯೂ ಬೆರೆತಿರುತ್ತವೆ; ಸಂದೇಹ ಬಂದಲ್ಲಿ ಅರಗಿನದೆಂದೇ ಭಾವಿಸಿ ಸ್ಪಿರಿಟನ್ನು ದೂರವಿಡುವುದು ಕ್ಷೇಮ.

ಅರಗಿನ ತಟ್ಟೆಗೆ ನೀರೂ ಅತಿಯಾಗಬಾರದು. ಅರಗು ನೀರಿಗೆ ಬಗ್ಗುವುದಿಲ್ಲವಾದರೂ ಅದರೊಳಗಿನ ಹತ್ತಿಯ ಎಳೆ ನೀರನ್ನು ಹೀರಿ ಉಬ್ಬುತ್ತದೆ. ಕೆಲವು ತಟ್ಟೆಗಳ ತಿರುಳಿನಲ್ಲಿ ಕಾಗದದ ಪದರವನ್ನೇ ಇರಿಸಿರುತ್ತಾರೆ, ಅಂಚಿನಲ್ಲಿ ಬಿರುಕಿದ್ದರಂತೂ ನೀರು ಅಲ್ಲಿಂದ ಒಳಹೊಕ್ಕು ಪದರಗಳನ್ನು ಬೇರ್ಪಡಿಸುತ್ತದೆ. ಮೊದಲು ಒಣ ಕುಂಚದಿಂದ ಸಡಿಲವಾದ ಧೂಳನ್ನು ತೆಗೆದು, ಬಳಿಕ ತೇವ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಗೆರೆ ಸುತ್ತುವ ದಿಕ್ಕಿನಲ್ಲಿಯೇ ಒರಸಿ, ತತ್‌ಕ್ಷಣವೇ ಒಣಬಟ್ಟೆಯಿಂದ ನೀರನ್ನು ಎತ್ತಿಬಿಡಬೇಕು. ಬಿಸಿಲಿನಲ್ಲಿ ಒಣಗಿಸುವುದು ಸರ್ವಥಾ ಕೂಡದು. ಅರಗಿನ ಮನೆಯ ಕಥೆ ಕೇಳಿ ಬೆಳೆದ ನಮಗೆ ಅರಗಿಗೂ ಶಾಖಕ್ಕೂ ಇರುವ ವೈರವನ್ನು ಹೊಸದಾಗಿ ಹೇಳಬೇಕೆ? ಕೆಲವು ಅಂಗಡಿಗಳಲ್ಲಿ ಕಪ್ಪು ಮಿರುಗಲೆಂದು ಎಣ್ಣೆ ಸವರಿಟ್ಟ ತಟ್ಟೆಗಳು ಕಾಣುವುದುಂಟು. ಅವುಗಳ ಅಂದವನ್ನು ನಂಬಬೇಡಿ. ಆ ಎಣ್ಣೆಯೇ ಮುಂದಿನ ಧೂಳಿಗೆ ಅಂಟು.

ಎಲ್.ಪಿ.ಯ ಸ್ವಭಾವ ಬೇರೆ. 1942ರಲ್ಲಿ ಯುದ್ಧದ ದೆಸೆಯಿಂದ ಅರಗಿನ ಸರಬರಾಜಿಗೆ ಅಡಚಣೆಯುಂಟಾಗಿ ಅಮೆರಿಕದ ಸರ್ಕಾರವು ಅದರ ಬಳಕೆಯನ್ನು ಮಿತಗೊಳಿಸಿತು. ಆ ಕಾಲದಲ್ಲಿ ಸೈನಿಕರಿಗೆಂದು ಕಳುಹಿಸಿದ ತಟ್ಟೆಗಳನ್ನು ವಿನೈಲಿನಲ್ಲಿ ಒತ್ತಿದ್ದರು. 1948ರಲ್ಲಿ ಕೊಲಂಬಿಯಾ ಕಂಪನಿ 33⅓ ಸುತ್ತಿನ ಎಲ್.ಪಿ.ಯನ್ನು ಹೊರತಂದಾಗ ದ್ರವ್ಯವು ವಿನೈಲೇ ಆಯಿತು. ಇದು ಒಡೆಯದು, ನೀರಿಗೆ ಹೆದರದು, ನುಣುಪಾದುದರಿಂದ ಕರಕರ ಸದ್ದೂ ಕಡಮೆ. ಆದರೆ ಬಟ್ಟೆ ಅಥವಾ ಕಾಗದಕ್ಕೆ ಉಜ್ಜಿದ ಮಾತ್ರಕ್ಕೆ ವಿದ್ಯುದಾವೇಶವನ್ನು ತಳೆದು, ಸುತ್ತಲಿನ ಗಾಳಿಯಲ್ಲಿರುವ ಧೂಳನ್ನೆಲ್ಲ ತನ್ನೆಡೆಗೆ ಎಳೆದುಕೊಳ್ಳುವುದು ಇದರ ದೊಡ್ಡ ದೋಷ. ಮಾಘ ಫಾಲ್ಗುಣಗಳ ಒಣ ಹವೆಯಲ್ಲಿ ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ತಟ್ಟೆಯನ್ನು ಚೀಲದಿಂದ ಹೊರಗೆಳೆದಾಗ ಚಟಚಟನೆ ಸದ್ದಾಗುವುದು ಈ ಕಾರಣದಿಂದಲೇ. ಆ ಸ್ಥಿತಿಯಲ್ಲಿ ಒಣಬಟ್ಟೆಯಿಂದ ಒರಸುವುದೆಂದರೆ ಆವೇಶವನ್ನು ಇನ್ನಷ್ಟು ಹೆಚ್ಚಿಸಿದಂತೆ. ಪ್ರತಿ ಸಲ ನುಡಿಸುವ ಮುನ್ನ, ತಟ್ಟೆ ತಿರುಗುತ್ತಿರುವಾಗಲೇ, ಇಂಗಾಲದ ಎಳೆಗಳ ಕುಂಚವನ್ನು ಹಗುರವಾಗಿ ಹಿಡಿದು ಎರಡು ಸುತ್ತು ಬಿಟ್ಟು ಮೆಲ್ಲನೆ ಅಂಚಿಗೆ ಸರಿಸಿ ಎತ್ತಿದರೆ ಧೂಳೂ ಹೋಗುತ್ತದೆ. ಎಳೆಗಳು ವಿದ್ಯುದ್ವಾಹಕವಾದುದರಿಂದ ಆವೇಶವೂ ತಗ್ಗುತ್ತದೆ.

ಮೇಲಿನ ಧೂಳಿಗೆ ಕುಂಚ ಸಾಕು. ಬೆರಳಿನ ಜಿಡ್ಡಿಗೂ, ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಗೆರೆಯೊಳಗೆ ಬೆಳೆಯುವ ಬೂಷ್ಟಿಗೂ ನೀರೇ ಆಗಬೇಕು. ಆ ನೀರು ಕೊಳವೆಬಾವಿಯದಾಗಿರಕೂಡದು. ಸ್ನಾನದ ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುವ ಗಡಸು ನೀರು ಗೆರೆಯಲ್ಲಿ ಆರಿದಾಗಲೂ ಅದೇ ಲವಣವನ್ನು ಉಳಿಸುವುದರಿಂದ, ತೊಳೆದ ತಟ್ಟೆಯೇ ತೊಳೆಯದುದಕ್ಕಿಂತ ಹೆಚ್ಚು ಸಿಡಿಯುತ್ತದೆ. ಬಟ್ಟಿಯಿಳಿಸಿದ ನೀರನ್ನು ತಂದು, ಬಣ್ಣವೂ ಪರಿಮಳವೂ ಇಲ್ಲದ ಸೌಮ್ಯವಾದ ಮಾರ್ಜಕವನ್ನು ಲೀಟರಿಗೆ ಕೆಲವೇ ಹನಿ ಬೆರಸಬೇಕು. ಛಾಯಾಚಿತ್ರಗಾರರು ಫಿಲ್ಮು ತೊಳೆಯುವಾಗ ಕಡೆಯ ನೀರಿಗೆ ಹಾಕುತ್ತಿದ್ದ ದ್ರವವೂ ಆದೀತು. ಹನಿ ಮಾರ್ಜಕದ ಪ್ರಯೋಜನ ಕೊಳೆ ಬಿಡಿಸುವುದಷ್ಟೇ ಅಲ್ಲ: ಶುದ್ಧವಾದ ನೀರು ತನ್ನ ಬಿಗಿತದಿಂದ ಮುತ್ತಿನಂತೆ ಮೇಲೆಯೇ ನಿಂತುಬಿಡುತ್ತದೆ, ಆ ಬಿಗಿತ ಸಡಿಲಿದರೆ ಮಾತ್ರ ಕೂದಲಿಗಿಂತ ಕಿರಿದಾದ ಗೆರೆಯ ತಳಕ್ಕೆ ಇಳಿಯುತ್ತದೆ. ಅಂಟುವಾಳದ ನೀರನ್ನು ಕೊಂಡಾಡುವವರಿದ್ದಾರೆ. ರೇಷ್ಮೆ ಸೀರೆಗೂ ಬೆಳ್ಳಿಯ ಪಾತ್ರೆಗೂ ಅದು ಒಳ್ಳೆಯದೇ, ಆದರೆ ಸಸ್ಯದ ರಸವನ್ನು ಗೆರೆಯೊಳಗೆ ಬಿಟ್ಟು ಬೂಷ್ಟಿಗೆ ಆಹಾರ ಒದಗಿಸುವುದು ನನಗೆ ಸಮ್ಮತವಲ್ಲ.

ತೊಳೆಯುವುದಕ್ಕಿಂತ ಮುಖ್ಯವಾದದ್ದು ತೊಳೆದ ನೀರನ್ನು ತೆಗೆಯುವುದು. ಕೊಳೆ ಕರಗಿದ ನೀರು ಗೆರೆಯಲ್ಲೇ ಆರಿದರೆ ಕೊಳೆ ಸ್ಥಳ ಬದಲಿಸಿತಷ್ಟೇ. ಲಂಡನ್ನಿನ ‘ಗ್ರಾಮಫೋನ್’ ಪತ್ರಿಕೆಯ ತಾಂತ್ರಿಕ ಸಂಪಾದಕರಾಗಿದ್ದ ಪರ್ಸಿ ವಿಲ್ಸನ್ನರು 1960ರ ದಶಕದಲ್ಲಿ ಈ ಒಂದು ಅಂಶವನ್ನೇ ಹಿಡಿದು ಒಂದು ಯಂತ್ರವನ್ನು ಯೋಚಿಸಿದರು, ಕೀತ್ ಮಾಂಕ್ಸ್ ಎಂಬವರು ಅದನ್ನು ತಯಾರಿಸಿ ಮಾರಿದರು, ಬಿ.ಬಿ.ಸಿ. ತನ್ನ ಸಂಗ್ರಹಕ್ಕೆ ಅದನ್ನು ಬಳಸಿತು. ತಿರುಗುವ ತಟ್ಟೆಯ ಮೇಲೆ ಸಣ್ಣ ನಳಿಕೆಯೊಂದು ಒಳಗಿನಿಂದ ಹೊರಕ್ಕೆ ಗೆರೆಗೆರೆಯಾಗಿ ಸಾಗುತ್ತ ನೀರನ್ನು ಹೀರುತ್ತದೆ. ನಳಿಕೆಯ ಬಾಯಿ ತಟ್ಟೆಗೆ ತಗುಲದಂತೆ ನಡುವೆ ಒಂದು ದಾರ ಹಾಯ್ದಿರುತ್ತದೆ, ಅದು ಕೊಳೆಯಾದಂತೆಲ್ಲ ಹೊಸ ದಾರ ಮುಂದಕ್ಕೆ ಬರುತ್ತದೆ. ಇಷ್ಟು ಸೂಕ್ಷ್ಮವಾದ ಏರ್ಪಾಟನ್ನು ಕಂಡಾಗ ಸಂಗೀತವನ್ನು ಪ್ರೀತಿಸುವವರ ಬುದ್ಧಿ ಎಲ್ಲಿಯವರೆಗೆ ಹೋಗಬಲ್ಲುದೆಂದು ಸಂತೋಷವಾಗುತ್ತದೆ. ಅಂಥ ಯಂತ್ರಕ್ಕೆ ತೆರುವಷ್ಟು ಅನುಕೂಲ ಎಲ್ಲರಿಗೂ ಇರಲಾರದು. ಹೆಸರಿನ ಚೀಟಿಗೆ ನೀರು ತಗುಲದಂತೆ ಕಾಪಾಡಿಕೊಂಡು ತೊಳೆದು, ಬರಿಯ ಬಟ್ಟಿಯಿಳಿಸಿದ ನೀರಿನಿಂದ ಇನ್ನೊಮ್ಮೆ ಜಾಲಿಸಿ, ಎಳೆ ಬಿಡದ ಶುಭ್ರವಾದ ಬಟ್ಟೆಯನ್ನು ಉಜ್ಜದೆ ಒತ್ತಿ ಒತ್ತಿ ನೀರನ್ನು ಎತ್ತಿ, ನೆರಳಿನಲ್ಲಿ ನಿಲ್ಲಿಸಿ ಆರಿಸಿದರೆ ಆ ಫಲದ ಬಹುಭಾಗ ಕೈಸೇರುತ್ತದೆ.

ಇನ್ನು ಮುಳ್ಳಿನ ವಿಚಾರ. ಹಿಂದಿನ ಉಕ್ಕಿನ ಮುಳ್ಳುಗಳಿಗೆ ಒಂದು ಬದಿ ನುಡಿಸುವಷ್ಟೇ ಆಯುಸ್ಸು. 78ರ ತಟ್ಟೆಯಲ್ಲಿ ಕಲ್ಲಿನ ಪುಡಿ ಬೆರಸಿದ್ದುದರ ಉದ್ದೇಶಗಳಲ್ಲಿ ಒಂದು, ಮೊದಲ ಕೆಲವು ಸುತ್ತುಗಳಲ್ಲಿ ಮುಳ್ಳಿನ ತುದಿಯನ್ನು ಗೆರೆಯ ಆಕಾರಕ್ಕೆ ತಕ್ಕಂತೆ ಸವೆಸುವುದು; ಬದಿ ಮುಗಿಯುವ ಹೊತ್ತಿಗೆ ಆ ತುದಿ ಉಳಿಯ ಬಾಯಿಯಂತಾಗಿರುತ್ತಿತ್ತು. ತಗಡಿನ ಡಬ್ಬಿಯಲ್ಲಿ ಮುಳ್ಳುಗಳನ್ನು ನೂರುಗಟ್ಟಲೆ ಮಾರುತ್ತಿದ್ದುದು ಅದಕ್ಕಾಗಿಯೇ. ಮಿತವ್ಯಯದ ಮನೆಗಳಲ್ಲಿ ಒಂದೇ ಮುಳ್ಳಿನಿಂದ ಹತ್ತು ತಟ್ಟೆ ನುಡಿಸಿದುದರ ಫಲವನ್ನು ಇಂದು ನಾವು ಬೂದುಬಣ್ಣಕ್ಕೆ ತಿರುಗಿದ ಗೆರೆಗಳಲ್ಲಿ ಕಾಣುತ್ತೇವೆ. ಬಿ.ಎಸ್. ರಾಜ ಅಯ್ಯಂಗಾರ್ಯರ ‘ಜಗದೋದ್ಧಾರನ’ದಂತೆ ಮನೆಮನೆಯಲ್ಲೂ ಮತ್ತೆ ಮತ್ತೆ ಕೇಳಿದ ತಟ್ಟೆಗಳು ಸುಸ್ಥಿತಿಯಲ್ಲಿ ಸಿಗುವುದು ವಿರಳವಾದರೆ ಜನರ ಪ್ರೀತಿಯೇ ಅದಕ್ಕೆ ಕಾರಣ. ಆ ಬೂದುಬಣ್ಣ ಕೊಳೆಯಲ್ಲ. ಅದನ್ನು ತೊಳೆದು ತೆಗೆಯಲು ಹೋಗಬಾರದು.

ಅರಗಿನ ತಟ್ಟೆಯ ಗೆರೆ ಎಲ್.ಪಿ.ಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಎಲ್.ಪಿ.ಯ ಮುಳ್ಳಿನಿಂದ ಅದನ್ನು ನುಡಿಸಿದರೆ ತುದಿಯು ಗೋಡೆಗಳನ್ನು ಹಿಡಿಯದೆ ಗೆರೆಯ ತಳದಲ್ಲಿ, ಹಳೆಯ ಕಸದ ನಡುವೆ ಅಲೆದಾಡುತ್ತದೆ. ಕರಕರ ಶಬ್ದವೇ 78ರ ಹಣೆಬರಹವೆಂದು ನಂಬಿದವರಲ್ಲಿ ಅನೇಕರು ಸರಿಯಾದ ಮುಳ್ಳಿನಿಂದ ಕೇಳಿಯೇ ಇಲ್ಲ. ಗಂಗೂಬಾಯಿ ಹಾನಗಲ್ ಅವರು ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ ಎಳವೆಯ ತಟ್ಟೆಗಳನ್ನು ಅಗಲ ತುದಿಯ ಮುಳ್ಳಿನಿಂದ ಕೇಳಿದಾಗ, ಆ ಸಪೂರವಾದ ದನಿ ಮುಸುಕು ತೆಗೆದಂತೆ ಮುಂದಕ್ಕೆ ಬರುತ್ತದೆ. ಇದಕ್ಕೆ ವಿಪರ್ಯಯವಾಗಿ, ಈಗ ಅಲಂಕಾರಕ್ಕೆಂದು ಮಾರುವ ಹಿತ್ತಾಳೆಯ ಕಹಳೆಯ ಗ್ರಾಮಫೋನಿನಲ್ಲಿ ಎಲ್.ಪಿ.ಯನ್ನು ಎಂದಿಗೂ ಇಡಬೇಡಿ: ನೂರು ಗ್ರಾಂಗೂ ಮೀರಿದ ಭಾರವನ್ನು ಹೊತ್ತ ಉಕ್ಕಿನ ಮುಳ್ಳು ವಿನೈಲಿನ ಗೆರೆಯನ್ನು ಒಂದೇ ಸಲದಲ್ಲಿ ಉತ್ತು ಹಾಕುತ್ತದೆ.

ವಜ್ರದ ಮುಳ್ಳಿಗೂ ಸವೆತವುಂಟು. ಐನೂರು ಗಂಟೆ ದಾಟಿದ ಮೇಲೆ ಭೂತಗನ್ನಡಿಯಡಿ ಪರೀಕ್ಷಿಸುತ್ತಿರಬೇಕು. ನೀಲಮಣಿಯ ತುದಿಯಾದರೆ ಅದಕ್ಕಿಂತ ಬಹಳ ಮುಂಚೆ. ತಟ್ಟೆಯ ಒಳಸುತ್ತುಗಳಲ್ಲಿ ಸಕಾರ ಶಕಾರಗಳು ಒಡೆದಂತೆ ಕೇಳಿದರೆ ಮೊದಲು ಮುಳ್ಳಿನ ಕೊಳೆಯನ್ನೂ ಆಮೇಲೆ ಅದರ ಸವೆತವನ್ನೂ ಶಂಕಿಸತಕ್ಕದ್ದು. ಚಿಕ್ಕ ಕುಂಚದಿಂದ ಹಿಂದಿನಿಂದ ಮುಂದಕ್ಕೆ, ಎಂದರೆ ತಟ್ಟೆ ತಿರುಗುವ ದಿಕ್ಕಿಗೆ ಮಾತ್ರ, ಸವರಬೇಕು. ಅಡ್ಡಲಾಗಿ ಸವರಿದರೆ ವಜ್ರವನ್ನು ಹೊತ್ತ ಅಲ್ಯೂಮಿನಿಯಮ್ಮಿನ ಕಡ್ಡಿ ಬಾಗುತ್ತದೆ, ಬಾಗಿದ ಕಡ್ಡಿಗೆ ಮದ್ದಿಲ್ಲ. ಕುಂಚಕ್ಕೆ ಬಗ್ಗದ ಕೊಳೆಯಿದ್ದರೆ ಮೆಲಮೈನ್ ಸ್ಪಂಜಿನ ಸಣ್ಣ ತುಂಡೊಂದನ್ನು ಅಲುಗಾಡದಂತೆ ಇರಿಸಿ, ತೋಳನ್ನು ಎತ್ತುವ ಸನ್ನೆಯಿಂದಲೇ ಮುಳ್ಳನ್ನು ಅದರ ಮೇಲೆ ನೇರವಾಗಿ ಇಳಿಸಿ ಎತ್ತಬೇಕೇ ಹೊರತು ಉಜ್ಜಲಾಗದು. ದ್ರವಗಳನ್ನು ನಾನು ಮುಳ್ಳಿಗೆ ಹೇಳುವುದಿಲ್ಲ. ವಜ್ರವನ್ನು ಕಡ್ಡಿಗೆ ಹಿಡಿದಿಟ್ಟ ಅಂಟು ಯಾವ ದ್ರವಕ್ಕೆ ಸಡಿಲವಾದೀತೋ ಹೇಳಬರುವಂತಿಲ್ಲ.

ತೊಳೆದ ತಟ್ಟೆಯನ್ನು ಮತ್ತೆ ಹಳೆಯ ಚೀಲಕ್ಕೆ ತುರುಕಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದಕ್ಕೆ ಹೊಸದಾದ, ನುಣುಪಾದ ಒಳಚೀಲವನ್ನು ಕೊಟ್ಟು, ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ಕಿಟಕಿಯ ಬಿಸಿಲಿಗೆ ದೂರವಾಗಿ ಇಡಬೇಕು. 78ರ ಕಾಲದ ಕಂದು ಕಾಗದದ ಚೀಲಗಳನ್ನು ಮಾತ್ರ ಎಸೆಯಬೇಡಿ. ಮುಳ್ಳಿನ ಜಾಹೀರಾತೂ, ಮಾರಿದ ಅಂಗಡಿಯ ಹೆಸರೂ ಊರೂ, ಕೆಲವೆಡೆ ಕೊಂಡವರ ರುಜುವೂ ತಾರೀಖೂ ಅವುಗಳ ಮೇಲೆ ಇರುತ್ತವೆ. ಯಾವ ಹಾಡು ಯಾವ ಊರಿಗೆ ಯಾವಾಗ ತಲುಪಿತೆಂಬುದಕ್ಕೆ ಎಷ್ಟೋ ಸಲ ಅವಲ್ಲದೆ ಬೇರೆ ಸಾಕ್ಷ್ಯವಿರುವುದಿಲ್ಲ. ಅವನ್ನು ಕುಂಚದಿಂದ ಕೊಡವಿ, ತಟ್ಟೆಯ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಒಂದು ಮೂಲೆಯಲ್ಲಿ ಬರೆದು, ಬೇರೆಯೇ ಒಂದು ಕಟ್ಟಿನಲ್ಲಿ ಇಟ್ಟುಕೊಳ್ಳಿ.