ತ್ರೀ ನಾಟ್ ಥ್ರೀಯನ್ನು ಓದುವ ಬಗೆ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಹಳೆಯ ಸೇನಾ ಬಂದೂಕುಗಳ ಗೀಳು ಹತ್ತಿಸಿಕೊಂಡವರಿಗೆ ಮೊದಲು ಹೇಳಬೇಕಾದದ್ದು ಕಾನೂನಿನ ಮಾತು. ಅಮೆರಿಕದಲ್ಲಿ ಸೈನ್ಯ ಕೈಬಿಟ್ಟ ರೈಫಲ್‌ಗಳನ್ನು ಜನ ಅಂಗಡಿಯಲ್ಲಿ ಕೊಳ್ಳುತ್ತಾರೆ, ರಜೆಯ ದಿನ ಗುರಿ ಹೊಡೆಯುತ್ತಾರೆ. ನಮ್ಮಲ್ಲಿ ಅದು ಆಗದು. ತ್ರೀ ನಾಟ್ ಥ್ರೀ ಎನ್ನುವ .303 ರೈಫಲ್ ನಿಷಿದ್ಧ ಬೋರಿನದು. ಸಾಮಾನ್ಯ ಪರವಾನಗಿಯಲ್ಲಿ ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಸಾಮಾನ್ಯರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತೆಯೂ ಇಲ್ಲ. ಹಾಗಾಗಿ ಇಲ್ಲಿ ಸಂಗ್ರಹವೆಂದರೆ ಕಣ್ಣಿನ ಸಂಗ್ರಹ. ಇದನ್ನು ನಾನು ಕೊರತೆ ಎಂದು ಎಣಿಸುವುದಿಲ್ಲ. ಮನೆಯಲ್ಲೇ ಇದ್ದರೆ ನಾಳೆ ನೋಡಿದರಾಯಿತು ಎನಿಸುತ್ತದೆ. ಗಾಜಿನಾಚೆ ಇರುವುದನ್ನು ಮನಸ್ಸಿಟ್ಟು ನೋಡುತ್ತೇವೆ.

ಕೊಲ್ಹಾಪುರದ ನ್ಯೂ ಪ್ಯಾಲೇಸ್‌ನಿಂದ ಶುರು ಮಾಡಿ. ಚಾರ್ಲ್ಸ್ ಮ್ಯಾಂಟ್ ವಿನ್ಯಾಸ ಮಾಡಿದ, 1884ರಲ್ಲಿ ಮುಗಿದ ಈ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಬರುವ ಜನ ಕತ್ತಿಗಳ ಮುಂದೆ, ಬೇಟೆಯ ಹುಲಿಗಳ ಮುಂದೆ ಗುಂಪುಗೂಡುತ್ತಾರೆ. ನೀವು ಬಂದೂಕುಗಳ ಮುಂದೆ ನಿಲ್ಲಿ. ಯಾವ ಬಂದೂಕನ್ನು ಎಲ್ಲಿ ಕಂಡರೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಮದ್ದಿಗೆ ಬೆಂಕಿ ಮುಟ್ಟುವುದು ಹೇಗೆ? ಉರಿಯುವ ಬತ್ತಿಯಿಂದಲೋ, ಚಕಮಕಿ ಕಲ್ಲಿನ ಕಿಡಿಯಿಂದಲೋ, ಕೇಪಿನಿಂದಲೋ, ಇಡೀ ಕಾಡತೂಸಿನಿಂದಲೋ? ಯುರೋಪು 1700ರ ಹೊತ್ತಿಗೆ ಬಿಟ್ಟುಬಿಟ್ಟ ಬತ್ತಿಕೋವಿ ನಮ್ಮ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೂ ಓಡಾಡಿತು. ಅದು ಅಗ್ಗದ್ದು, ಕೆಟ್ಟರೆ ಊರ ಕಮ್ಮಾರನೇ ಸರಿಮಾಡುತ್ತಿದ್ದ. ಅದರ ನಳಿಗೆ ಉದ್ದ, ಮರ ತೆಳು, ಬಲಬದಿಗೆ ರಂಜಕದ ಬಟ್ಟಲು. ಆ ಬಟ್ಟಲ ಪಕ್ಕದ ತೂತನ್ನು ನೋಡಿ. ಸುಟ್ಟು ಅಗಲವಾಗಿದ್ದರೆ ಅದು ದುಡಿದ ಬಂದೂಕು. ಚಿನ್ನದ ಹೂಬಳ್ಳಿಯಿದ್ದು ತೂತು ಹೊಸದರಂತೆ ಇದ್ದರೆ ಅದು ಬಹುಶಃ ದರ್ಬಾರಿನಲ್ಲಿ ನಿಂತು ಬಾಳಿದ್ದು. ನನ್ನ ಒಲವು ಮೊದಲನೆಯದರ ಕಡೆಗೆ.

ಗಡಹಿಂಗ್ಲಜದವರು ಹತ್ತಿರದ ಸಾಮಾನಗಡವನ್ನೂ ಹತ್ತಿಬರಬೇಕು. ವಂಶಪಾರಂಪರ್ಯವಾಗಿ ಕೋಟೆ ಕಾಯುತ್ತಿದ್ದ ಗಡಕರಿಗಳು 1844ರಲ್ಲಿ ದಂಗೆಯೆದ್ದದ್ದು ಅಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕೋಟೆಯನ್ನು ಹಿಡಿಯಿತು. ಅಂದಿನ ನಯವಾದ ನಳಿಗೆಯ ಬಂದೂಕಿನ ಗುರಿ ನೂರು ಹೆಜ್ಜೆಯಾಚೆ ನೆಚ್ಚುವಂಥದ್ದಲ್ಲ. ಕೋಟೆಗೋಡೆಯ ಮೇಲೆ ನಿಂತು ಕೆಳಗಿನ ಇಳಿಜಾರನ್ನು ಕಣ್ಣಲ್ಲೇ ಅಳೆದರೆ ಆ ನೂರು ಹೆಜ್ಜೆ ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ.

ಇನ್ನು ತ್ರೀ ನಾಟ್ ಥ್ರೀ. ಈ ಹವ್ಯಾಸದ ಹೃದಯ ಇದೇ. 1907ರಲ್ಲಿ ಬಂದ ಮಾರ್ಕ್ 3 ಲೀ-ಎನ್‌ಫೀಲ್ಡ್ ಎರಡು ಮಹಾಯುದ್ಧಗಳನ್ನು ಕಂಡು, ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ನಮ್ಮ ಪೊಲೀಸರ ಹೆಗಲ ಮೇಲಿತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರಲ್ಲಿ. ಖಂಡೇನವಮಿಯಂದು ಪೊಲೀಸ್ ಠಾಣೆಗಳಲ್ಲಿ ಆಯುಧಗಳಿಗೆ ಪೂಜೆಯಾಗುತ್ತದೆ. ಪರಿಚಯದವರಿದ್ದರೆ ಕೇಳಿಕೊಂಡು ಹೋಗಿ. ಹಳೆಯದೊಂದು ಇದ್ದರೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿರುತ್ತದೆ. ಮುಟ್ಟಬೇಡಿ, ಬಗ್ಗಿ ನೋಡಿ.

ಮೊದಲು ಬಲಬದಿ, ಬೋಲ್ಟಿನ ಹಿಂದೆ ಹಿಡಿಯ ಮರ ಸೇರುವಲ್ಲಿನ ಲೋಹ. ಅಲ್ಲಿ ಕಿರೀಟವಿದ್ದು ಕೆಳಗೆ ಕಾರ್ಖಾನೆಯ ಹೆಸರು, ಇಸವಿ ಇರುತ್ತವೆ: ಎನ್‌ಫೀಲ್ಡ್, ಬಿ.ಎಸ್.ಎ., ಆಸ್ಟ್ರೇಲಿಯಾದ ಲಿತ್‌ಗೋ, ನಮ್ಮ ಬಂಗಾಳದ ಇಷಾಪುರ. ಗಣರಾಜ್ಯವಾದ ಮೇಲೆ ಇಷಾಪುರದಲ್ಲಿ ಕಿರೀಟ ಹೋಗಿ ಅಶೋಕನ ಸಿಂಹ ಬಂತು. ಇಸವಿಯ ಕೆಳಗೆ ಮೂರರ ಪಕ್ಕ ನಕ್ಷತ್ರವಿದ್ದರೆ ಅದು 1916ರಿಂದ ಆಚೆಗಿನ ಮಾದರಿ. ಯುದ್ಧದ ತರಾತುರಿಯಲ್ಲಿ ಬೇಗ ತಯಾರಾಗಲೆಂದು ಕೆಲವು ಭಾಗಗಳನ್ನು ಕೈಬಿಟ್ಟಿದ್ದರು. ಮುಂದಿನ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಕಂಡರೆ, ಮರ ಸೀಳದಿರಲೆಂದು ಇಷಾಪುರದವರು ಹಾಕಿದ್ದು ಅದು. ಡಿ.ಪಿ. ಎಂಬ ಅಕ್ಷರಗಳಿದ್ದರೆ ಅದು ಕವಾಯತಿಗೆ ಮಾತ್ರ ಮೀಸಲಾದ, ಗುಂಡು ಹಾರಿಸಬಾರದ ರೈಫಲ್. ಹೊರಗಿನಿಂದ ಎಲ್ಲವೂ ಸರಿಯಿದ್ದು ನಳಿಗೆಯೊಳಗೆ ಸುರುಳಿಗೆರೆ ಇಲ್ಲದಿದ್ದರೆ, ಪೊಲೀಸ್ ಕಾವಲಿಗೆಂದು ಒಂದೇ ಗುಂಡಿನ .410 ಮಸ್ಕೆಟ್ ಆಗಿ ಬದಲಾದದ್ದು. 1962ರ ಯುದ್ಧದ ನಂತರ ಇದೇ ಮೈಕಟ್ಟಿನಲ್ಲಿ 7.62 ಗುಂಡಿಗೆ ಹೊಂದುವ 2ಎ, 2ಎ1 ಬಂದವು. ಚೌಕನೆಯ ಮ್ಯಾಗಜೀನಿನಿಂದ ದೂರದಿಂದಲೇ ಗುರುತು ಸಿಗುತ್ತದೆ.

ಬೋಲ್ಟಿನ ಮೇಲೊಂದು ನಂಬರು, ಮೈಮೇಲೊಂದು ನಂಬರು ಇರುತ್ತವೆ. ಎರಡೂ ಒಂದೇ ಆಗಿದ್ದರೆ ಹೊರದೇಶದ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ನನಗೆ ಹೊಂದದ ನಂಬರುಗಳೇ ಹೆಚ್ಚು ಇಷ್ಟ. ಯಾವುದೋ ಛಾವಣಿಯ ಆರ್ಮರರ್ ಕೆಟ್ಟದ್ದನ್ನು ತೆಗೆದು, ಸಿಕ್ಕಿದ್ದನ್ನು ಕೂರಿಸಿ, ಮತ್ತೆ ಕೆಲಸಕ್ಕೆ ಕಳಿಸಿದ ದಾಖಲೆ ಅದು.

ಉಳಿದದ್ದನ್ನು ಮಾಜಿ ಸೈನಿಕರಿಂದ ಕೇಳಬೇಕು. ಇಚಲಕರಂಜಿಯವರಿಗೆ ಶಿರೋಳ ತಾಲೂಕಿನ ಸೈನಿಕ ಟಾಕಳಿ ದೂರವಲ್ಲ. ಗಡಹಿಂಗ್ಲಜ ಕಡೆಯ ಹಳ್ಳಿಗಳಲ್ಲೂ ಪಲ್ಟನ್ ಕಂಡ ಹಿರಿಯರಿದ್ದಾರೆ. "ಕಾಕಾ, ಪುಲ್‌ಥ್ರೂ ಹ್ಯಾಂಗ್ ಹಾಕತಿದ್ರಿ?" ಎಂದು ಕೇಳಿದರೆ ಸಾಕು. ಹಿಡಿಯ ಮರದ ಹಿಂಬದಿಯ ಹಿತ್ತಾಳೆ ಮುಚ್ಚಳದೊಳಗೆ ಎಣ್ಣೆ ಬಾಟಲಿ, ನಳಿಗೆಯೊಳಗೆ ಎಳೆದು ಒರೆಸುವ ಆ ಹಗ್ಗ, ಚಿಂದಿ ಇರುತ್ತಿದ್ದವು. ಹಳೆಯ ಗುಂಡಿನ ಕೇಪಿನಲ್ಲಿದ್ದ ಲವಣ ನಳಿಗೆಯನ್ನು ತಿನ್ನುತ್ತಿದ್ದುದರಿಂದ, ಹಾರಿಸಿದ ಮೇಲೆ ಕುದಿನೀರು ಸುರಿದು ತೊಳೆಯಬೇಕಿತ್ತು. ಬೋಲ್ಟ್ ಟ್ರಿಗರಿಗೆ ಹತ್ತಿರವಿರುವುದರಿಂದ ಕೈ ಬೇಗ ಹೊರಳುತ್ತದೆ. ಪಳಗಿದ ಸಿಪಾಯಿ ನಿಮಿಷಕ್ಕೆ 15 ಗುಂಡು ಗುರಿಯಿಟ್ಟು ಹೊಡೆಯಬಲ್ಲವನಾಗಿದ್ದ. ಈ ಲಯವನ್ನು ಖಾಲಿ ಕೈಯಲ್ಲೇ ತೋರಿಸುವ ಹಿರಿಯರು ಸಿಕ್ಕರೆ ಗಾಜಿನ ಕಪಾಟಿನ ಬಂದೂಕಿಗೂ ಜೀವ ಬರುತ್ತದೆ.

ಹಾರಿಸುವ ಆಸೆಗೆ ಕೊಲ್ಹಾಪುರದಷ್ಟು ಒಳ್ಳೆಯ ಊರು ಕಡಿಮೆ. 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ರೈಫಲ್ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಈ ಊರಿನವರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ರಾಧಾನಗರಿ ತಾಲೂಕಿನ ಕಾಂಬಳವಾಡಿಯವರು. ಕ್ಲಬ್ ಸೇರಿ, ಏರ್ ರೈಫಲ್‌ನಿಂದ .22ಕ್ಕೆ ಹೋಗಿ. ಹೆಗಲಿಗೆ ಮರ ಒತ್ತುವುದು, ಉಸಿರು ಅರ್ಧ ಬಿಟ್ಟು ತಡೆಯುವುದು, ಟ್ರಿಗರನ್ನು ಎಳೆಯದೆ ಹಿಂಡುವುದು ಅಂದಿನ ಸಿಪಾಯಿಗೂ ಇಂದಿನ ಕ್ರೀಡಾಪಟುವಿಗೂ ಒಂದೇ. ಪರವಾನಗಿ ಪಡೆದು ಹಳೆಯ ಬೋಲ್ಟಿನ ಸುಖವನ್ನೇ ಬಯಸುವವರಿಗೆ ಇಷಾಪುರದ .315 ಸ್ಪೋರ್ಟಿಂಗ್ ರೈಫಲ್ ಇದೆ. ಒಳಗೆ ಲೀ-ಎನ್‌ಫೀಲ್ಡಿನ ರಚನೆಯೇ.

ಬಂದೂಕು ಮನೆಯ ಹಿರಿಯನಂತೆ ಬಾಳುವುದನ್ನು ನೋಡಬೇಕೆಂದರೆ ಸೆಪ್ಟೆಂಬರ್ ಮೊದಲ ವಾರ ಕೊಡಗಿಗೆ ಹೋಗಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. ಅದು ಬ್ರಿಟಿಷರ ಕಾಲದಿಂದ ಬಂದದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ತೋಕ್‌ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಯಾರಾದರೂ ತಮ್ಮ ತಾತನ ಕೋವಿ ತೋರಿಸಿದರೆ ನಳಿಗೆಯ ಬಾಯಿ ನೆಲದತ್ತಲೋ ಆಕಾಶದತ್ತಲೋ ಇದೆಯೇ ನೋಡಿ, ಒಳಗೆ ಖಾಲಿಯೇ ಎಂದು ಕೇಳಿ, ಆಮೇಲೆ ಕೈ ಚಾಚಿ. ಹೊಳಪು ಹಾಕಿಸಿ ಎಂಬ ಸಲಹೆಯನ್ನಂತೂ ಕೊಡಬೇಡಿ. ಉಜ್ಜಿದರೆ ಗುರುತುಗಳೆಲ್ಲ ಹೋಗುತ್ತವೆ, ತೆಳುವಾಗಿ ಎಣ್ಣೆ ಸವರಿದರೆ ಸಾಕು.